ಬಿಳಿ ಹೂವಿನ ಪರ್ಫ್ಯೂಮ್: ಹೊಸ ಆವೃತ್ತಿಯನ್ನು ಹಾಕಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮಲ್ಲಿಗೆ, ಸುಗಂಧರಾಜ, ಕಿತ್ತಳೆ ಹೂ, ಗಾರ್ಡೇನಿಯಾ, ಲಿಲಿ ಆಫ್ ದಿ ವ್ಯಾಲಿ. ಪರ್ಫ್ಯೂಮ್ ತಯಾರಿಸುವವರು ಇವನ್ನೆಲ್ಲ ಒಟ್ಟಿಗೆ ‘ಬಿಳಿ ಹೂಗಳು’ ಎನ್ನುತ್ತಾರೆ. ಬಣ್ಣವೊಂದೇ ಇದಕ್ಕೆ ಕಾರಣವಲ್ಲ. ಇವುಗಳಲ್ಲಿ ಹಲವು ಸಂಜೆ ಕವಿದ ಮೇಲೆ ಘಮ ಬಿಡುವ ಹೂಗಳು; ಕತ್ತಲಲ್ಲಿ ಹಾರುವ ಪತಂಗಗಳನ್ನು ದೂರದಿಂದಲೇ ಕರೆಯಬೇಕಾದ್ದರಿಂದ ಪರಿಮಳ ದಟ್ಟವಾಗಿರುತ್ತದೆ, ದೂರಕ್ಕೆ ಹರಡುತ್ತದೆ. ಈ ಹೂಗಳಿಂದ ಕಟ್ಟಿದ ಪರ್ಫ್ಯೂಮ್‌ಗೂ ಅದೇ ಗುಣ ಬಂದಿರುತ್ತದೆ.

ಹೆಸರಾಂತ ಹಳೆಯ ಬಿಳಿ ಹೂವಿನ ಪರ್ಫ್ಯೂಮ್ ಒಂದರ ಹೊಸ ಆವೃತ್ತಿ ಕೊಂಡವರು ಸಾಮಾನ್ಯವಾಗಿ ಹೇಳುವುದು, ‘ಹತ್ತೇ ನಿಮಿಷಕ್ಕೆ ಹೋಗಿಬಿಟ್ಟಿತು’ ಎಂದು. ಅದೇ ದಿನ ಅವರ ಪಕ್ಕ ಕೂತವರು ಹೇಳುವುದು, ‘ತಲೆ ಸಿಡಿಯುತ್ತಿದೆ’ ಎಂದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಾಕಿಕೊಂಡವರ ಮೂಗು ಆ ಪರಿಮಳಕ್ಕೆ ಬೇಗ ಒಗ್ಗಿಹೋಗುತ್ತದೆ. ಸುತ್ತಲಿನವರ ಮೂಗಿಗೆ ಅದು ಹೊಸದಾಗಿಯೇ ತಾಗುತ್ತಿರುತ್ತದೆ. ಹೊಸ ಆವೃತ್ತಿಗಳನ್ನು ಕಟ್ಟಿರುವ ರೀತಿಯಿಂದ ಈ ಅಂತರ ಇನ್ನೂ ಹೆಚ್ಚುತ್ತದೆ. ಹಾಗಾಗಿ ಇಲ್ಲಿ ಹೇಳುವ ಕ್ರಮವೆಲ್ಲ ಒಂದೇ ಮಾತಿನ ಮೇಲೆ ನಿಂತಿದೆ: ಎಷ್ಟು ಹಾಕಿಕೊಳ್ಳಬೇಕೆಂಬುದನ್ನು ಮೂಗಿಗೆ ಬಿಡಬೇಡಿ; ಎಣಿಕೆ ಮತ್ತು ಗಡಿಯಾರ ನೋಡಿ ನಿರ್ಧರಿಸಿ.

ಹಳೆಯದರಲ್ಲಿ ಏನಿತ್ತು, ಹೊಸದರಲ್ಲಿ ಏನಿದೆ

ಹಳೆಯ ಮಾದರಿಗಳೆಂದರೆ ಯಾವುವು? 1930ರಲ್ಲಿ ಜಾನ್ ಪಾಟು ಸಂಸ್ಥೆಗಾಗಿ ಆನ್ರಿ ಅಲ್ಮೆರಾ ಮಾಡಿದ ‘ಜಾಯ್’ ಮಲ್ಲಿಗೆ ಮತ್ತು ಗುಲಾಬಿಯ ಮೇಲೆ ನಿಂತದ್ದು. 1948ರಲ್ಲಿ ರಾಬರ್ ಪಿಗೆ ಸಂಸ್ಥೆಗಾಗಿ ಜರ್ಮೇನ್ ಸೆಲಿಯೆ ಮಾಡಿದ ‘ಫ್ರಕಾ’ ಸುಗಂಧರಾಜದ ಪರ್ಫ್ಯೂಮ್‌ಗಳಿಗೆಲ್ಲ ಇಂದಿಗೂ ಅಳತೆಗೋಲು. 1956ರಲ್ಲಿ ಎಡ್ಮಂಡ್ ರುಡ್ನಿಟ್ಸ್ಕ ಡಿಯೋರ್‌ಗಾಗಿ ಮಾಡಿದ ‘ಡಿಯೊರಿಸ್ಸಿಮೊ’ ಲಿಲಿ ಆಫ್ ದಿ ವ್ಯಾಲಿಯದು. ಆ ಹೂವಿನಿಂದ ಬಳಸಲು ಬರುವಂಥ ಎಣ್ಣೆ ತೆಗೆಯಲು ಆಗುವುದಿಲ್ಲ. ಪರಿಮಳವನ್ನು ಬೇರೆ ಬೇರೆ ಅಣುಗಳಿಂದ ಕಟ್ಟಿಯೇ ತರಬೇಕು. ಹೊಸ ಕಾಲದ ಮಾದರಿಗಳೆಂದರೆ 2005ರಲ್ಲಿ ಡೊಮಿನಿಕ್ ರೊಪಿಯೋ ಮಾಡಿದ ‘ಕಾರ್ನಲ್ ಫ್ಲವರ್’, 2017ರಲ್ಲಿ ಆಲ್ಬೆರ್ತೊ ಮೊರಿಯಾಸ್ ಮಾಡಿದ ‘ಗುಚ್ಚಿ ಬ್ಲೂಮ್’ ಮುಂತಾದವು. ಕೆಲವು ಸಂಸ್ಥೆಗಳು ಹಳೆಯ ಹೆಸರನ್ನೇ ಇಟ್ಟುಕೊಂಡು ಹಗುರ ರೂಪ ತರುತ್ತವೆ. 1921ರ ‘ಶನೆಲ್ ನಂಬರ್ 5’ಕ್ಕೆ 2016ರಲ್ಲಿ ಬಂದ ‘ಲೋ’ ಆವೃತ್ತಿ ಅಂಥದ್ದು.

ಬದಲಾವಣೆ ಮುಖ್ಯವಾಗಿ ಮೂರು ಕಡೆ ಆಗಿದೆ. ಮೊದಲನೆಯದು ಇಂಡೋಲ್. ರಾತ್ರಿಯಿಡೀ ಬಟ್ಟಲಲ್ಲಿಟ್ಟ ಮಲ್ಲಿಗೆ ಬೆಳಗಿನ ಹೊತ್ತಿಗೆ ಬಾಡುತ್ತ ಬಿಡುವ ಕಮಟು ಗೊತ್ತಲ್ಲ, ಅದರ ಹಿಂದಿರುವ ಅಣು ಇದು. ಮಲ್ಲಿಗೆಯ ಆಬ್ಸಲ್ಯೂಟ್‌ನಲ್ಲಿ, ಅಂದರೆ ಹೂವಿನಿಂದ ದ್ರಾವಕದ ಮೂಲಕ ತೆಗೆದ ದಟ್ಟ ಸಾರದಲ್ಲಿ, ಇದು ಶೇಕಡ 2ರಿಂದ 3ರ ಆಸುಪಾಸು ಇರುತ್ತದೆ. ಬರಿಯ ಇಂಡೋಲ್ ಮೂಸಿದರೆ ನುಸಿಗುಳಿಗೆಯ ನೆನಪಾಗುತ್ತದೆ. ಹೂವಿನೊಳಗೆ ಬೆರೆತಾಗ ಅದೇ ಜೀವ ಕೊಡುತ್ತದೆ. ಹೊಸ ಆವೃತ್ತಿಗಳಲ್ಲಿ ಇದನ್ನು ಬಹಳ ತಗ್ಗಿಸುತ್ತಾರೆ. ಎರಡನೆಯದು ಹೆಡಿಯೋನ್. ಮಲ್ಲಿಗೆಯ ಸಾರದಲ್ಲಿ ಸಿಗುವ ಅಣುವೊಂದರ ಹತ್ತಿರದ ನೆಂಟ ಇದು. 1966ರಲ್ಲಿ ರುಡ್ನಿಟ್ಸ್ಕ ತಮ್ಮ ‘ಓ ಸೊವಾಜ್’ನಲ್ಲಿ ಬಳಸಿದ ಮೇಲೆ ಇದರ ಹೆಸರು ಹಬ್ಬಿತು. ಇದು ಹೂವಿನ ಎಸಳುಗಳ ನಡುವೆ ಗಾಳಿ ಬೆಳಕು ಆಡುವಂತೆ ಮಾಡುತ್ತದೆ. ಹೊಸ ಬಿಳಿ ಹೂವಿನ ಪರ್ಫ್ಯೂಮ್‌ಗಳಲ್ಲಿ ಇದರ ಪಾಲು ದೊಡ್ಡದು. ಮೂರನೆಯದು ತಳಭಾಗ, ಅಂದರೆ ಕೊನೆಯವರೆಗೆ ಉಳಿಯುವ ಪರಿಮಳ. ಹಿಂದೆ ಪುನುಗು, ನೈಟ್ರೋ ಮಸ್ಕ್‌ಗಳಂಥವು (ಕಸ್ತೂರಿಯ ಕಂಪಿನ ಹಳೆಯ ಬಗೆಯ ಕೃತಕ ಅಣುಗಳು) ಹೂವನ್ನು ಚರ್ಮಕ್ಕೆ ಅಂಟಿಸಿ ಹಿಡಿಯುತ್ತಿದ್ದವು. ಈಗ ಆ ಜಾಗದಲ್ಲಿ ಒಗೆದ ಬಟ್ಟೆಯಂತೆ ಶುಭ್ರವಾಗಿ ಕಂಪಿಸುವ ಮಸ್ಕ್‌ಗಳಿವೆ.

ಇದೆಲ್ಲ ಬರಿಯ ಅಭಿರುಚಿಯ ಮಾತಲ್ಲ, ನಿಯಮಗಳೂ ಇದರ ಹಿಂದಿವೆ. ಲಿಲಿ ಆಫ್ ದಿ ವ್ಯಾಲಿಯ ಪರಿಮಳ ಕಟ್ಟಲು ದಶಕಗಳ ಕಾಲ ಬಳಸಿದ ಲೈರಲ್ ಎಂಬ ಅಣುವಿರುವ ಸೌಂದರ್ಯವರ್ಧಕಗಳು ಯುರೋಪಿಯನ್ ಒಕ್ಕೂಟದ ಮಾರುಕಟ್ಟೆಯಿಂದ 2021ರ ಆಗಸ್ಟ್ ವೇಳೆಗೆ ಪೂರ್ತಿ ಹೊರಬಿದ್ದವು. ಲಿಲಿಯಲ್ ಎಂಬ ಇನ್ನೊಂದು ಅಣುವನ್ನು 2022ರ ಮಾರ್ಚ್ 1ರಿಂದ ನಿಷೇಧಿಸಲಾಯಿತು. ಆದ್ದರಿಂದ ಅದೇ ಹೆಸರು, ಅದೇ ಬಾಟಲಿ ಇದ್ದರೂ ಒಳಗಿನ ದ್ರವ ಹಿಂದಿನದೇ ಎಂದು ಭಾವಿಸಬೇಡಿ. ಹಳೆಯದನ್ನು ಹಾಕಿಕೊಳ್ಳುತ್ತಿದ್ದ ಅಳತೆ ಹೊಸದಕ್ಕೆ ಹೊಂದುವುದಿಲ್ಲ. ಹಳೆಯದು ಮೈಗೆ ಅಂಟಿಕೊಂಡು ಕೂರುತ್ತಿತ್ತು, ಮೂಗಿಗೆ ಸದಾ ಸಿಗುತ್ತಿತ್ತು. ಹೊಸದು ಮೈಯಿಂದ ಎದ್ದು ಸುತ್ತ ಹರಡುತ್ತದೆ. ನಿಮಗೆ ಸಿಗದಿರಬಹುದು, ಆದರೆ ಎರಡು ಮಾರು ಆಚೆ ಕೂತವರಿಗೆ ಸಿಗುತ್ತದೆ.

ಬಾಟಲಿಯ ಮೇಲಿನ ಬರಹ ಓದುವುದು

ಮೊದಲು ಸಾಂದ್ರತೆ ನೋಡಿ. ‘ಓ ದ ಕೊಲೋನ್’ ಎಂದಿದ್ದರೆ ಪರಿಮಳದ ಸಾರ ಸುಮಾರು ಶೇಕಡ 2ರಿಂದ 5. ‘ಓ ದ ತ್ವಾಲೆಟ್’ ಎಂದರೆ 5ರಿಂದ 15. ‘ಓ ದ ಪರ್ಫಂ’ ಎಂದರೆ 15ರಿಂದ 20. ‘ಎಕ್ಸ್‌ಟ್ರೇ’ ಅಥವಾ ಬರಿಯ ‘ಪರ್ಫಂ’ ಎಂದರೆ 20ರಿಂದ 30, ಕೆಲವೊಮ್ಮೆ ಅದಕ್ಕೂ ಮೇಲೆ. ಇವು ರೂಢಿಯ ಅಂಕಿಗಳು. ಕಾನೂನಿನ ಗಡಿಗಳಲ್ಲ, ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತವೆ. ಇನ್ನೊಂದು ಮಾತು: ಹೆಚ್ಚು ಸಾಂದ್ರತೆ ಎಂದರೆ ಹೆಚ್ಚು ದೂರ ಹರಡುತ್ತದೆ ಎಂದಲ್ಲ. ಎಕ್ಸ್‌ಟ್ರೇ ಮೈಗೆ ಹತ್ತಿರವಾಗಿಯೇ ಉಳಿದು ಹೆಚ್ಚು ಹೊತ್ತು ಬಾಳುತ್ತದೆ. ಮದ್ಯಸಾರ ಹೆಚ್ಚಿರುವ ತ್ವಾಲೆಟ್ ಮೊದಲ ಒಂದು ಗಂಟೆ ಅದಕ್ಕಿಂತ ಜೋರಾಗಿ ಹರಡುತ್ತದೆ.

ಆಮೇಲೆ ಪೆಟ್ಟಿಗೆಯ ಹಿಂಬದಿಯ ಪಟ್ಟಿ. ಅಲರ್ಜಿ ತರಬಲ್ಲ ಪರಿಮಳದ ಅಣುಗಳನ್ನು ಹೆಸರಿಸಿ ಬರೆಯಬೇಕೆಂಬ ನಿಯಮ ಯುರೋಪಿನಲ್ಲಿದೆ. ಮೊದಲು 26 ಹೆಸರುಗಳಿದ್ದ ಪಟ್ಟಿಯನ್ನು 2023ರ ನಿಯಮ 80ಕ್ಕೂ ಮೇಲಕ್ಕೆ ಏರಿಸಿತು. ಬಿಳಿ ಹೂವಿನ ಪರ್ಫ್ಯೂಮ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರುಗಳು: ಲಿನಲೂಲ್, ಬೆಂಜೈಲ್ ಸ್ಯಾಲಿಸಿಲೇಟ್, ಬೆಂಜೈಲ್ ಬೆಂಜೋಯೇಟ್, ಹೈಡ್ರಾಕ್ಸಿಸಿಟ್ರೊನೆಲಾಲ್, ಫಾರ್ನೆಸಾಲ್, ಯೂಜಿನಾಲ್. ಹಿಂದೆ ಯಾವುದಾದರೂ ಪರ್ಫ್ಯೂಮ್‌ನಿಂದ ಚರ್ಮ ಕೆರೆದಿದ್ದರೆ ಆ ಪೆಟ್ಟಿಗೆಯನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಇರುವ ಹೆಸರುಗಳನ್ನು ಗುರುತು ಹಾಕಿಕೊಂಡು ಚರ್ಮವೈದ್ಯರಿಗೆ ತೋರಿಸಿ.

ಕೊಳ್ಳುವ ಮೊದಲು ಒಂದಿಡೀ ದಿನ

ಕಾಗದದ ಪಟ್ಟಿಯ ಮೇಲೆ ಮೂಸಿ ತೀರ್ಮಾನಿಸುವುದು ಬಿಳಿ ಹೂವಿನ ವಿಷಯದಲ್ಲಂತೂ ಅಪಾಯ. ಕಾಗದಕ್ಕೆ ಬಿಸಿಯಿಲ್ಲ, ಜಿಡ್ಡಿಲ್ಲ; ಅಲ್ಲಿ ಹೂವು ತಣ್ಣಗೆ, ಸಪೂರವಾಗಿ ಕಾಣುತ್ತದೆ. ಚರ್ಮದ ಬಿಸಿಗೆ ಅದೇ ಹೂವು ಎರಡರಷ್ಟು ಅರಳುತ್ತದೆ. ಕಾಗದವನ್ನು ಬೇಡದ್ದನ್ನು ತಳ್ಳಿಹಾಕಲು ಮಾತ್ರ ಬಳಸಿ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಮೂಸಬೇಡಿ. ನಡುವೆ ಕಾಫಿ ಬೀಜ ಮೂಸಿದರೆ ಮೂಗು ಚೊಕ್ಕವಾಗುತ್ತದೆ ಎಂಬ ನಂಬಿಕೆಯಿದೆ; ಅದು ಮೂಗಿಗೆ ಇನ್ನೊಂದು ಗಾಢ ವಾಸನೆಯ ಹೊರೆ ಅಷ್ಟೇ. ಪರ್ಫ್ಯೂಮ್ ತಾಗದ ನಿಮ್ಮದೇ ಮೊಣಕೈ ಮಡಿಕೆ ಮೂಸಿ, ಇಲ್ಲವೇ ಹೊರಗೆ ಹೋಗಿ ಐದು ನಿಮಿಷ ಉಸಿರಾಡಿ ಬನ್ನಿ.

ಉಳಿದ ಒಂದನ್ನು ಒಳಮುಂಗೈಗೆ ಒಂದೇ ಸಲ ಸಿಂಪಡಿಸಿ. ನಾಲ್ಕು ಹೊತ್ತಿನಲ್ಲಿ ಮೂಸಿ, ಒಂದೊಂದು ಸಾಲು ಬರೆದಿಡಿ: 10 ನಿಮಿಷಕ್ಕೆ, 40 ನಿಮಿಷಕ್ಕೆ, 3 ಗಂಟೆಗೆ, 8 ಗಂಟೆಗೆ. ಹತ್ತು ನಿಮಿಷದ್ದಕ್ಕೆ ಬೆಲೆ ಕೊಡಬೇಡಿ. ಅಲ್ಲಿ ಸಿಗುವುದು ಮದ್ಯಸಾರ, ನಿಂಬೆ ಜಾತಿಯ ಹಣ್ಣಿನ ಸಿಪ್ಪೆ, ಹಸಿರೆಲೆ. ನೀವು ಕೊಳ್ಳುತ್ತಿರುವುದು ನಲವತ್ತು ನಿಮಿಷದಿಂದ ಮೂರು ಗಂಟೆಯವರೆಗಿನ ಹೂವನ್ನು. ಅದಾದ ಮೇಲಿನ ಮಸ್ಕ್, ಗಂಧದ ಮರದ ತಳವನ್ನು. ಮೂರು ಗಂಟೆಗೆ ಬರೆದ ಸಾಲು ನಿಮಗೆ ಇಷ್ಟವಾಗದಿದ್ದರೆ ಮೊದಲ ನಿಮಿಷ ಎಷ್ಟೇ ಸೊಗಸಾಗಿರಲಿ, ಬಿಟ್ಟುಬಿಡಿ.

ಸೂಕ್ಷ್ಮ ಚರ್ಮದವರು ಮೊಣಕೈಯ ಒಳಮಡಿಕೆಯಲ್ಲಿ ಒಂದೇ ಜಾಗಕ್ಕೆ ದಿನಕ್ಕೆ ಎರಡು ಸಲದಂತೆ ಏಳು ದಿನ ಹಚ್ಚಿ ನೋಡಿ. ಒಂದೇ ದಿನದ ಪರೀಕ್ಷೆ ಸಾಲದು, ಏಕೆಂದರೆ ಸಂಪರ್ಕದ ಅಲರ್ಜಿ ಎರಡು ಮೂರು ದಿನ ತಡವಾಗಿ ಕಾಣಿಸಿಕೊಳ್ಳಬಹುದು. ಕೆಂಪಾದರೆ, ತುರಿಸಿದರೆ ಅಲ್ಲಿಗೇ ನಿಲ್ಲಿಸಿ.

ಹಾಕಿಕೊಳ್ಳುವ ಕ್ರಮ

1. ಸ್ನಾನವಾಗಿ ಮೈ ಪೂರ್ತಿ ಒಣಗಲಿ. ಬೆವರಿನ ಮೇಲೆ ಸಿಂಪಡಿಸಿದರೆ ಇಂಡೋಲ್‌ನ ಕಮಟು ಎದ್ದು ಹೊಡೆಯುತ್ತದೆ.

2. ಪರ್ಫ್ಯೂಮ್ ಬೀಳುವ ಜಾಗಕ್ಕೆ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ, ಹತ್ತು ನಿಮಿಷ ಹೀರಲು ಬಿಡಿ. ತೀರಾ ಒಣ ಚರ್ಮವಾದರೆ ಅಕ್ಕಿಕಾಳಿನಷ್ಟು ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ. ಪರಿಮಳದ ಅಣುಗಳು ಜಿಡ್ಡಿನಲ್ಲಿ ಕರಗಿ ನಿಧಾನಕ್ಕೆ ಆವಿಯಾಗುತ್ತವೆ. ಒಣ ಚರ್ಮದಿಂದ ಬೇಗ ಹಾರಿಹೋಗುತ್ತವೆ. ಕೊಬ್ಬರಿ ಎಣ್ಣೆಯಾಗಲಿ ವೆನಿಲ್ಲಾ ಲೋಷನ್ ಆಗಲಿ ಬೇಡ. ಸುಗಂಧರಾಜದಲ್ಲಿ ಕೆನೆಯಂಥ ಕಂಪಿನ ಲ್ಯಾಕ್ಟೋನ್ ಎಂಬ ಅಣುಗಳು ಮೊದಲೇ ಇವೆ. ಈ ಜಾತಿಯ ಪರ್ಫ್ಯೂಮ್‌ಗಳಲ್ಲಿ ಧಾರಾಳವಾಗಿರುವ ಬೆಂಜೈಲ್ ಸ್ಯಾಲಿಸಿಲೇಟ್, ಬಿಸಿಲಿಗೆ ಹಚ್ಚುವ ಕ್ರೀಮನ್ನು ನೆನಪಿಗೆ ತರುವ ಅಣು. ಇವೆರಡಕ್ಕೂ ಕೊಬ್ಬರಿ ಸೇರಿದರೆ ಹೂವು ಹೋಗಿ ಸನ್‌ಸ್ಕ್ರೀನ್ ಉಳಿಯುತ್ತದೆ.

3. ಮನೆಯಿಂದ ಹೊರಡುವ 30–40 ನಿಮಿಷ ಮೊದಲು ಸಿಂಪಡಿಸಿ, ಹೊರಡುವಾಗಲ್ಲ. ಮೊದಲ ಅಬ್ಬರ ಮನೆಯಲ್ಲೇ ಇಳಿಯಲಿ. ತಲೆನೋವಿನ ದೂರುಗಳನ್ನು ಬಹುಮಟ್ಟಿಗೆ ಇಳಿಸಲು ಇದೊಂದೇ ಸಾಕು.

4. ದೂರ 15ರಿಂದ 20 ಸೆಂಟಿಮೀಟರ್. ತೀರಾ ಹತ್ತಿರ ಹಿಡಿದರೆ ಒಂದೇ ಕಡೆ ತೊಟ್ಟಿಕ್ಕಿ ಒದ್ದೆಯಾಗುತ್ತದೆ, ಅಲ್ಲಿ ಘಾಟು ಉಳಿಯುತ್ತದೆ. ಗಾಳಿಗೆ ಸಿಂಪಡಿಸಿ ಅದರೊಳಗೆ ನಡೆದುಹೋಗುವ ಪದ್ಧತಿಯಲ್ಲಿ ಬಹುಪಾಲು ನೆಲದ ಪಾಲಾಗುತ್ತದೆ, ಅಳತೆಯೂ ಸಿಗುವುದಿಲ್ಲ.

5. ಎಣಿಕೆ: ತ್ವಾಲೆಟ್ ಆದರೆ ಮೂರು, ದೊಡ್ಡ ಬಯಲಿನಲ್ಲಿ ನಾಲ್ಕು. ಓ ದ ಪರ್ಫಂ ಆದರೆ ಎರಡು. ಎಕ್ಸ್‌ಟ್ರೇ ಆದರೆ ಮುಚ್ಚಳದ ಕಡ್ಡಿಯಿಂದ ಎರಡು ಮೂರು ಬೊಟ್ಟು. ಹೊಸ ಬಾಟಲಿಯನ್ನು ಮೊದಲ ಸಲ ಹಾಕಿಕೊಳ್ಳುವ ದಿನ ಯಾವುದೇ ಆಗಲಿ, ಒಂದೇ ಸ್ಪ್ರೇ.

6. ಒಣಗುವವರೆಗೆ ಬಟ್ಟೆ ತೊಡಬೇಡಿ, ಬೆಂಕಿಯ ಹತ್ತಿರ ಹೋಗಬೇಡಿ. ದ್ರವದ ಬಹುಭಾಗ ಮದ್ಯಸಾರ, ಅದು ಹೊತ್ತಿಕೊಳ್ಳುತ್ತದೆ.

ಎಲ್ಲಿ ಸಿಂಪಡಿಸಬೇಕು ಎಂಬುದು ಎಣಿಕೆಯಷ್ಟೇ ಮುಖ್ಯ, ಸಾಮಾನ್ಯವಾಗಿ ತಪ್ಪುವುದೂ ಇಲ್ಲೇ. ಗಂಟಲ ಮುಂಭಾಗಕ್ಕೆ, ಕಿವಿಯ ಕೆಳಗೆ ಹಾಕಿಕೊಂಡರೆ ಪರಿಮಳ ಸದಾ ನಿಮ್ಮ ಮೂಗಿನ ಅಡಿಯಲ್ಲೇ ಇರುತ್ತದೆ. ಅದರಿಂದ ಮೂಗು ಇನ್ನೂ ಬೇಗ ಒಗ್ಗಿಹೋಗುತ್ತದೆ, ‘ಹೋಗಿಬಿಟ್ಟಿತು’ ಅನ್ನಿಸುತ್ತದೆ, ಕೈ ಮತ್ತೆ ಬಾಟಲಿಗೆ ಹೋಗುತ್ತದೆ. ಬಿಳಿ ಹೂವಿಗೆ ಹೇಳಿ ಮಾಡಿಸಿದ ಜಾಗಗಳು ಕತ್ತಿನ ಹಿಂಭಾಗ ಮತ್ತು ಬಟ್ಟೆಯೊಳಗಿನ ಎದೆ. ಕತ್ತಿನ ಹಿಂದಿನದು ನೀವು ನಡೆದಾಗ ಹಿಂದೆ ಹರಡುತ್ತದೆ. ಎದೆಯದು ಮೈಬಿಸಿಗೆ ಬಟ್ಟೆಯ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಏಳುತ್ತದೆ. ಅದು ನಿಮಗೂ ಆಗಾಗ ಸಿಗುತ್ತದೆ. ಮೂರನೆಯ ಸ್ಪ್ರೇ ಇದ್ದರೆ ಮೊಣಕೈ ಮಡಿಕೆಗೆ ಅಥವಾ ಮಂಡಿಯ ಹಿಂದಕ್ಕೆ. ಮಣಿಕಟ್ಟು ಕೈ ತೊಳೆದಾಗೆಲ್ಲ ತೊಳೆದುಹೋಗುವ ಜಾಗ. ಅಲ್ಲಿ ಹಾಕಿದ್ದು ಬಹಳ ಹೊತ್ತು ನಿಲ್ಲುವುದಿಲ್ಲ. ಬಿಸಿಲು ಬೀಳುವ ಬರಿಮೈಗೂ ಬೇಡ. ಮೇಲ್ಪದರದಲ್ಲಿ, ಅಂದರೆ ಮೊದಲ ನಿಮಿಷಗಳಲ್ಲಿ ಸಿಗುವ ಪರಿಮಳದಲ್ಲಿ, ಬರುವ ಬರ್ಗಮಾಟ್‌ನಂಥ ಸಿಪ್ಪೆ ಎಣ್ಣೆಗಳಲ್ಲಿ ಬಿಸಿಲಿಗೆ ಚರ್ಮ ಕಪ್ಪಾಗಿಸಬಲ್ಲ ಅಂಶಗಳಿರುತ್ತವೆ. ಈಗ ಅವನ್ನು ಬಹುಮಟ್ಟಿಗೆ ತೆಗೆದೇ ಬಳಸುತ್ತಾರಾದರೂ ಹಳೆಯ ಬಾಟಲಿಗಳ ವಿಷಯದಲ್ಲಿ ಎಚ್ಚರವಿರಲಿ.

ಮಣಿಕಟ್ಟುಗಳನ್ನು ಉಜ್ಜಬೇಡಿ ಎಂಬ ಮಾತು ಸರಿ, ಅದಕ್ಕೆ ಕೊಡುವ ಕಾರಣ ತಪ್ಪು. ಉಜ್ಜಿದರೆ ಅಣುಗಳು ಒಡೆಯುವುದಿಲ್ಲ. ಬಿಸಿಯೇರಿ ಮೇಲ್ಪದರ ಬೇಗ ಹಾರಿಹೋಗುತ್ತದೆ, ಒಂದು ಕೈಯ ಜಿಡ್ಡು ಇನ್ನೊಂದಕ್ಕೆ ಸೇರುತ್ತದೆ, ಅಷ್ಟೇ.

ಹಾಕಿಕೊಂಡ ಮೇಲಿನ ಗಡಿಯಾರ

ಒಂದೂವರೆ ಗಂಟೆಯ ಸುಮಾರಿಗೆ ‘ಏನೂ ಉಳಿದಿಲ್ಲ’ ಅನ್ನಿಸುವ ಹೊತ್ತು ಬಂದೇ ಬರುತ್ತದೆ. ಆಗ ಬಾಟಲಿ ಮುಟ್ಟಬೇಡಿ. ಇದಕ್ಕೆ ಎರಡು ಕಾರಣ. ಸದಾ ಇರುವ ವಾಸನೆಯನ್ನು ಮಿದುಳು ಲೆಕ್ಕಕ್ಕೆ ಹಿಡಿಯುವುದನ್ನು ಬಿಡುತ್ತದೆ. ಜೊತೆಗೆ ಹೊಸ ಆವೃತ್ತಿಗಳ ತಳದಲ್ಲಿರುವ ಕೆಲವು ಮಸ್ಕ್ ಅಣುಗಳು ಅನೇಕರಿಗೆ ಹುಟ್ಟಿನಿಂದಲೇ ಸಿಗುವುದಿಲ್ಲ. ಒಬ್ಬರ ಮೂಗಿಗೆ ಗ್ಯಾಲಕ್ಸೊಲೈಡ್ ಎಂಬ ಮಸ್ಕ್ ತುಂಬಿ ತುಳುಕಿದರೆ ಪಕ್ಕದವರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ನಿಮಗೆ ಸಿಗದ ಮಸ್ಕ್ ಉಳಿದವರಿಗೆ ಸಂಜೆಯವರೆಗೂ ಸಿಗುತ್ತಿರಬಹುದು.

ನಿಜವಾಗಿ ಹೋಗಿದೆಯೇ ಎಂದು ತಿಳಿಯಲು ಹದಿನೈದು ನಿಮಿಷ ಹೊರಗಿನ ಗಾಳಿಯಲ್ಲಿದ್ದು ಒಳಗೆ ಬನ್ನಿ. ಬಾಗಿಲು ದಾಟುವ ಕ್ಷಣ ಸಿಕ್ಕರೆ ಇದೆ. ಬಿಚ್ಚಿಟ್ಟ ಮೇಲಂಗಿಯನ್ನು ಅರ್ಧ ಗಂಟೆ ಬಿಟ್ಟು ಮೂಸಬಹುದು. ನಂಬಿಕೆಯ ಒಬ್ಬರನ್ನು ‘ಎಷ್ಟು ದೂರಕ್ಕೆ ಬರುತ್ತಿದೆ?’ ಎಂದು ಕೇಳುವುದು ಎಲ್ಲಕ್ಕಿಂತ ಒಳ್ಳೆಯದು. ‘ಚೆನ್ನಾಗಿದೆಯಾ?’ ಎಂದು ಕೇಳಬೇಡಿ. ಅದಕ್ಕೆ ಎಲ್ಲರೂ ಹೌದೆನ್ನುತ್ತಾರೆ. ಒಂದು ತೋಳಿನಷ್ಟು ದೂರಕ್ಕೆ ಬರುತ್ತಿದ್ದರೆ ಅಳತೆ ಸರಿಯಾಗಿದೆ. ಕೋಣೆಯ ಆಚೆ ಬದಿಗೆ ಬರುತ್ತಿದ್ದರೆ ನಾಳೆ ಒಂದು ಸ್ಪ್ರೇ ಕಡಿಮೆ ಮಾಡಿ.

ಮತ್ತೆ ಹಾಕಿಕೊಳ್ಳುವುದಾದರೆ ತ್ವಾಲೆಟ್‌ಗೆ ನಾಲ್ಕು ಗಂಟೆ, ಓ ದ ಪರ್ಫಂಗೆ ಆರು ಗಂಟೆ ಕಳೆದ ಮೇಲೆ, ಕತ್ತಿನ ಹಿಂದೆ ಒಂದೇ ಒಂದು. ಬೆಳಗಿನ ತಳ ಅಲ್ಲೇ ಇರುತ್ತದೆ. ಹೂವನ್ನಷ್ಟೇ ಮೇಲೆ ಇಡುತ್ತಿದ್ದೀರಿ.

ಸೆಕೆಯಲ್ಲಿ, ತೇವ ಗಾಳಿಯಲ್ಲಿ ಎಣಿಕೆಯನ್ನು ಅರ್ಧಕ್ಕಿಳಿಸಿ. ಬಿಸಿಗೆ ಆವಿಯಾಗುವಿಕೆ ಹೆಚ್ಚುತ್ತದೆ, ತೇವಕ್ಕೆ ಮೂಗು ಚುರುಕಾಗುತ್ತದೆ. ಒಣ ಚಳಿಯಲ್ಲಿ ಒಂದು ಹೆಚ್ಚಿಸಬಹುದು. ವಿಮಾನ, ಲಿಫ್ಟ್, ಮುಚ್ಚಿದ ಸಭಾಕೋಣೆಗೆ ಒಂದೇ ಸ್ಪ್ರೇ, ಅದೂ ಬಟ್ಟೆಯೊಳಗೆ. ಆಸ್ಪತ್ರೆಗೆ ಹೋಗುವ ದಿನ ಪೂರ್ತಿ ಬಿಟ್ಟುಬಿಡಿ.

ತಪ್ಪಿದಾಗ ಏನು ವಾಸನೆ ಬರುತ್ತದೆ, ಏಕೆ

ಬಿಳಿ ಹೂವು ಕೆಟ್ಟರೆ ಒಂದೇ ರೀತಿ ಕೆಡುವುದಿಲ್ಲ. ಬರುವ ವಾಸನೆಯನ್ನು ಹಿಡಿದು ಕಾರಣ ಹುಡುಕಬಹುದು.

ನುಸಿಗುಳಿಗೆಯಂತೆ, ಹಳೆಯ ಕಪಾಟಿನಂತೆ ಅನ್ನಿಸಿದರೆ ಅದು ಇಂಡೋಲ್. ಅಳತೆ ಹೆಚ್ಚಾಗಿದೆ, ಇಲ್ಲವೇ ಬೆವರಿನ ಮೇಲೆ ಬಿದ್ದಿದೆ. ಒಂದು ಸ್ಪ್ರೇ ಇಳಿಸಿ, ಒಣ ಮೈಗೆ ಹಾಕಿ. ಮೊದಲ ಕೆಲವು ನಿಮಿಷ ನೋವಿನ ಮುಲಾಮಿನಂತೆ, ಕರ್ಪೂರದಂತೆ ಚುಚ್ಚಿದರೆ ಅದು ಸುಗಂಧರಾಜದಲ್ಲಿ ಸಹಜವಾಗಿಯೇ ಇರುವ ಮೀಥೈಲ್ ಸ್ಯಾಲಿಸಿಲೇಟ್, ದೋಷವಲ್ಲ. 1999ರ ‘ಟ್ಯೂಬರೋಸ್ ಕ್ರಿಮಿನೆಲ್’ನಲ್ಲಿ ಸೆರ್ಜ್ ಲುಟೆನ್ಸ್ ಸಂಸ್ಥೆ ಈ ಚುಚ್ಚನ್ನೇ ಬೇಕೆಂದು ಮುಂದಿಟ್ಟಿತು. ಇಪ್ಪತ್ತು ನಿಮಿಷ ಕಾಯಿರಿ, ಕೆನೆಯಾಗಿ ತಿರುಗುತ್ತದೆ. ಕಳಿತ ಬಾಳೆಹಣ್ಣು, ಉಗುರುಬಣ್ಣದಂತೆ ಬಂದರೆ ಮಲ್ಲಿಗೆಯ ಸಾರದಲ್ಲಿ ದೊಡ್ಡ ಪಾಲಿರುವ ಬೆಂಜೈಲ್ ಅಸಿಟೇಟ್. ಬೇಗ ಆವಿಯಾಗುವ ಅಣು, ಅರ್ಧ ಗಂಟೆಯಲ್ಲಿ ತಾನೇ ತಗ್ಗುತ್ತದೆ. ದ್ರಾಕ್ಷಿಯ ಮಿಠಾಯಿಯಂತೆ ಬಂದರೆ ಕಿತ್ತಳೆ ಹೂವಿನ ಮೀಥೈಲ್ ಆಂತ್ರನಿಲೇಟ್. ಇದು ಬೇಗ ಹೋಗದು. ಈ ಸಿಹಿ ನಿಮಗೆ ಒಗ್ಗದಿದ್ದರೆ ಕಿತ್ತಳೆ ಹೂ ಮುಂದಿರುವ ಆವೃತ್ತಿಗಳನ್ನು ಬಿಟ್ಟು ಹಸಿರು ಮಲ್ಲಿಗೆಯ ಕಡೆ ಹೋಗಿ. ಸಾಬೂನಿನಂತೆ, ಬಟ್ಟೆ ಒಗೆಯುವ ಪುಡಿಯಂತೆ ಬಂದರೆ ಹೂವು ಇಳಿದು ಮಸ್ಕ್ ಮಾತ್ರ ಉಳಿದಿದೆ ಎಂದರ್ಥ. ನಿಮ್ಮ ಬಟ್ಟೆ ಒಗೆದ ಪುಡಿಯಲ್ಲೂ ಅದೇ ಜಾತಿಯ ಮಸ್ಕ್ ಇದ್ದರೆ ಎರಡೂ ಸೇರಿ ಹೂವನ್ನು ಮುಳುಗಿಸುತ್ತವೆ. ವಾಸನೆಯಿಲ್ಲದ ಪುಡಿಗೆ ಬದಲಿಸಿ ನೋಡಿ.

ಹೆಚ್ಚು ಹಾಕಿಕೊಂಡಾಗಿದೆ, ಹೊರಡುವ ಹೊತ್ತಾಗಿದೆ. ನೀರೊಂದರಿಂದಲೇ ತೊಳೆದರೆ ಹೋಗುವುದಿಲ್ಲ; ಈ ಅಣುಗಳು ನೀರಿಗೆ ಬಿಟ್ಟುಕೊಡುವಂಥವಲ್ಲ. ಹತ್ತಿಯನ್ನು ವಾಸನೆಯಿಲ್ಲದ ಹ್ಯಾಂಡ್ ಸ್ಯಾನಿಟೈಸರ್‌ನಲ್ಲಿ ಅದ್ದಿ ಒಂದೇ ದಿಕ್ಕಿಗೆ ಒರೆಸಿ, ಹತ್ತಿ ಬದಲಿಸಿ ಇನ್ನೊಮ್ಮೆ ಒರೆಸಿ. ಆಮೇಲೆ ವಾಸನೆಯಿಲ್ಲದ ಎಣ್ಣೆ ಸವರಿ ಸಾಬೂನಿನಿಂದ ತೊಳೆಯಿರಿ. ಎಣ್ಣೆ ಉಳಿದದ್ದನ್ನು ಕರಗಿಸಿಕೊಳ್ಳುತ್ತದೆ, ಸಾಬೂನು ಎಣ್ಣೆಯನ್ನು ಎತ್ತಿಕೊಂಡು ಹೋಗುತ್ತದೆ. ಬಟ್ಟೆಗೆ ತಾಗಿದ್ದರೆ ಬಟ್ಟೆ ಬದಲಿಸುವುದೇ ದಾರಿ.

ಬಟ್ಟೆ, ಕೂದಲು, ಮುತ್ತು

ಬಿಳಿ ಹೂವಿನ ಪರ್ಫ್ಯೂಮ್ ಬಟ್ಟೆಯ ಮೇಲೆ ಹಳದಿ ಕಲೆ ಮಾಡುವ ಸಾಧ್ಯತೆ ಉಳಿದವುಗಳಿಗಿಂತ ಹೆಚ್ಚು. ಮೀಥೈಲ್ ಆಂತ್ರನಿಲೇಟ್ ಮತ್ತು ಹೈಡ್ರಾಕ್ಸಿಸಿಟ್ರೊನೆಲಾಲ್‌ನಂಥ ಆಲ್ಡಿಹೈಡ್‌ಗಳು ಸೇರಿದಾಗ ಷಿಫ್ ಬೇಸ್ ಎಂಬ ಹಳದಿ–ಕಿತ್ತಳೆ ಬಣ್ಣದ ಸಂಯುಕ್ತ ಹುಟ್ಟುತ್ತದೆ. ಇಂಡೋಲ್ ಕೂಡ ಗಾಳಿ ಬೆಳಕಿಗೆ ಬಣ್ಣ ತಿರುಗುತ್ತದೆ. ಬಾಟಲಿಯ ದ್ರವ ಕಡುವಾಗಿದ್ದಷ್ಟೂ ಎಚ್ಚರ ಹೆಚ್ಚಿರಲಿ. ರೇಷ್ಮೆ ಮತ್ತು ತಿಳಿಬಣ್ಣದ ಬಟ್ಟೆಗೆ ಸಿಂಪಡಿಸಲೇಬೇಡಿ. ಉಣ್ಣೆ, ಕಡುಬಣ್ಣದ ಹತ್ತಿಗೆ ಹಾಕುವುದಾದರೆ ಒಳಹೊಲಿಗೆಯ ಮರೆಯಲ್ಲಿ ಒಂದು ಸ್ಪ್ರೇ ಹಾಕಿ ಒಂದು ದಿನ ಬಿಟ್ಟು ನೋಡಿ. ಉಣ್ಣೆಯ ಮೇಲೆ ಪರಿಮಳ ದಿನಗಟ್ಟಲೆ ಉಳಿಯುತ್ತದೆ. ಮರುದಿನ ಬೇರೆ ಪರ್ಫ್ಯೂಮ್ ಹಾಕುವುದಾದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೂದಲಿಗೆ ನೇರವಾಗಿ ಬೇಡ, ಮದ್ಯಸಾರ ಒಣಗಿಸುತ್ತದೆ. ಬಾಚಣಿಗೆಗೆ ಒಂದು ಸ್ಪ್ರೇ ಹಾಕಿ, ಅರ್ಧ ನಿಮಿಷ ಆರಲು ಬಿಟ್ಟು ತುದಿಗಳನ್ನು ಬಾಚಿ. ಮುತ್ತಿನ ಸರವನ್ನು ಪರ್ಫ್ಯೂಮ್ ಪೂರ್ತಿ ಆರಿದ ಮೇಲೆಯೇ ಹಾಕಿಕೊಳ್ಳಿ. ಮುತ್ತಿನ ಹೊಳಪು ಮಂಕಾದರೆ ಮತ್ತೆ ಬರುವುದಿಲ್ಲ.

ಹಳೆಯ ಆಳ ಬೇಕೆನಿಸಿದರೆ

ಹೊಸ ಆವೃತ್ತಿ ಸೊಗಸಾಗಿದೆ, ಆದರೆ ನೆರಳಿಲ್ಲ ಅನ್ನಿಸುವುದುಂಟು. ಆ ನೆರಳನ್ನು ನೀವೇ ಕೆಳಗೆ ಇಡಬಹುದು. ಕ್ರಮ ಸರಳ: ಭಾರದ್ದು ಮೊದಲು, ಹಗುರದ್ದು ಮೇಲೆ. ಹಳೆಯ ಆವೃತ್ತಿಯ ಎಕ್ಸ್‌ಟ್ರೇ ಸಿಕ್ಕರೆ ಎದೆಗೆ ಒಂದು ಬೊಟ್ಟು ಇಟ್ಟು, ಐದು ನಿಮಿಷ ಬಿಟ್ಟು ಹೊಸದನ್ನು ಒಂದು ಸ್ಪ್ರೇ ಕತ್ತಿನ ಹಿಂದಕ್ಕೆ ಹಾಕಿ. ಒಂದೇ ಜಾಗದಲ್ಲಿ ಬೆರೆಸುವುದಕ್ಕಿಂತ ಹೀಗೆ ಎರಡು ಜಾಗದಲ್ಲಿಟ್ಟರೆ ಗಾಳಿಯಲ್ಲೇ ಬೆರೆಯುತ್ತವೆ, ಒಂದು ಇನ್ನೊಂದನ್ನು ನುಂಗುವುದಿಲ್ಲ. ಹಳೆಯದು ಇಲ್ಲದಿದ್ದರೆ ಗಂಧದ ಮರದ ಅಥವಾ ಲಾವಂಚದ ಅತ್ತರು ಒಂದು ಬೊಟ್ಟು ಸಾಕು. ಗಂಧ ಸುಗಂಧರಾಜದ ಕೆನೆಯನ್ನು ಉದ್ದಕ್ಕೆ ಎಳೆಯುತ್ತದೆ. ಲಾವಂಚ ಮಲ್ಲಿಗೆಯ ಸಿಹಿಯನ್ನು ತಗ್ಗಿಸಿ ಮಣ್ಣಿನ ತಂಪು ಕೊಡುತ್ತದೆ. ವೆನಿಲ್ಲಾ ಬೇಡವೆಂಬುದು ನಮ್ಮ ಅಭಿಪ್ರಾಯ. ಬಿಳಿ ಹೂವಿಗೆ ಸಿಹಿ ಮೊದಲೇ ಸಾಕಷ್ಟಿದೆ. ಮಲ್ಲಿಗೆಯ ಶುದ್ಧ ಆಬ್ಸಲ್ಯೂಟನ್ನು ನೇರವಾಗಿ ಮೈಗೆ ಹಚ್ಚಬೇಡಿ. ಅಲರ್ಜಿಯ ಕಾರಣಕ್ಕೆ ಸಿದ್ಧ ಪರ್ಫ್ಯೂಮ್‌ಗಳಲ್ಲೂ ಅದರ ಪಾಲಿಗೆ ಮಿತಿ ಹಾಕಲಾಗಿದೆ.

ಇಡುವುದು ಹೇಗೆ

ಬೆಳಕು, ಬಿಸಿ, ಗಾಳಿ ಮೂರೂ ಶತ್ರುಗಳು. ಸ್ನಾನದ ಮನೆಯಲ್ಲಿ ಬಿಸಿ ಏರಿಳಿಯುವುದರಿಂದ ಅಲ್ಲಿ ಇಡಲೇಬೇಡಿ. ಪೆಟ್ಟಿಗೆಯೊಳಗೆ, ಕಪಾಟಿನ ಕತ್ತಲಲ್ಲಿ, 15ರಿಂದ 20 ಡಿಗ್ರಿ ಸೆಲ್ಸಿಯಸ್ ಸಿಕ್ಕರೆ ಒಳ್ಳೆಯದು. ಅದು ಸಾಧ್ಯವಿಲ್ಲದಿದ್ದರೆ ಮನೆಯ ಅತಿ ತಣ್ಣನೆಯ ಮೂಲೆ. ಸ್ಪ್ರೇ ಬಾಟಲಿ ಬೊಟ್ಟಿನ ಬಾಟಲಿಗಿಂತ ಹೆಚ್ಚು ಕಾಲ ಚೆನ್ನಾಗಿರುತ್ತದೆ, ಏಕೆಂದರೆ ಒಳಗೆ ಬೆರಳು ತಾಗುವುದಿಲ್ಲ, ಗಾಳಿ ಕಡಿಮೆ ಹೋಗುತ್ತದೆ.

ಕಾಲ ಕಳೆದಂತೆ ದ್ರವ ಹಳದಿಯಿಂದ ಜೇನಿನ ಬಣ್ಣಕ್ಕೆ ತಿರುಗುವುದು ಬಿಳಿ ಹೂವಿಗೆ ಸಹಜ. ಮೇಲೆ ಹೇಳಿದ ಷಿಫ್ ಬೇಸ್‌ಗಳೇ ಇದಕ್ಕೂ ಕಾರಣ. ಬಣ್ಣ ನೋಡಿ ಚೆಲ್ಲಬೇಡಿ, ಮೂಸಿ ನೋಡಿ. ಮೊದಲ ನಿಮಿಷ ಹುಳಿಯಾಗಿ, ವಿನೆಗರ್‌ನಂತೆ ಬಂದು ಆಮೇಲೆ ಹೂವು ಸರಿಯಾಗಿ ಅರಳಿದರೆ ಮೇಲ್ಪದರವಷ್ಟೇ ಕೆಟ್ಟಿದೆ. ಅಂಥದ್ದನ್ನು ಮೈಗೆ ಹಾಕದೆ ಮೇಲಂಗಿಯ ಒಳಪದರಕ್ಕೆ ಬಳಸಿ, ಏಕೆಂದರೆ ಗಾಳಿಗೆ ಆಕ್ಸಿಡೀಕರಣಗೊಂಡ ಲಿನಲೂಲ್ ತಾಜಾ ಲಿನಲೂಲ್‌ಗಿಂತ ಹೆಚ್ಚು ಅಲರ್ಜಿ ತರುತ್ತದೆ. ಹುಳಿ ಅರ್ಧ ಗಂಟೆಯಾದರೂ ಬಿಡದಿದ್ದರೆ ಬಾಟಲಿಯ ಕಾಲ ಮುಗಿದಿದೆ.

ಒಂದು ಸ್ಪ್ರೇಗೆ ಸುಮಾರು 0.1 ಮಿಲಿಲೀಟರ್ ಎಂದು ಹಿಡಿದರೆ 50 ಮಿಲಿಲೀಟರ್ ಬಾಟಲಿಯಲ್ಲಿ ಹತ್ತಿರ ಹತ್ತಿರ 500 ಸ್ಪ್ರೇ. ದಿನಕ್ಕೆ ಎರಡರಂತೆ ಎಂಟು ತಿಂಗಳು. ವಾರಕ್ಕೆರಡು ದಿನ ಮಾತ್ರ ಹಾಕುವವರಿಗೆ ಎರಡೂಕಾಲು ವರ್ಷಕ್ಕೂ ಹೆಚ್ಚು. ಅವರು 30 ಮಿಲಿಲೀಟರ್‌ಗಿಂತ ದೊಡ್ಡದು ಕೊಳ್ಳಬೇಕಿಲ್ಲ. ಬಾಟಲಿ ಮೂರನೇ ಒಂದು ಭಾಗಕ್ಕೆ ಇಳಿದ ಮೇಲೆ ಒಳಗೆ ಗಾಳಿಯೇ ಹೆಚ್ಚು, ಕೆಡುವ ವೇಗವೂ ಹೆಚ್ಚು. ಉಳಿದದ್ದನ್ನು 10 ಮಿಲಿಲೀಟರ್‌ನ ಚಿಕ್ಕ ಗಾಜಿನ ಸ್ಪ್ರೇ ಬಾಟಲಿಗಳಿಗೆ ಕತ್ತಿನವರೆಗೆ ತುಂಬಿ, ಹೆಸರು, ತಾರೀಖು ಬರೆದ ಚೀಟಿ ಅಂಟಿಸಿ. ಪ್ಲಾಸ್ಟಿಕ್ ಬಾಟಲಿ ಬೇಡ. ಅದು ಪರಿಮಳವನ್ನು ಹೀರಿಕೊಳ್ಳುತ್ತದೆ. ಹಿಂದೆ ಬೇರೆ ಪರ್ಫ್ಯೂಮ್ ಇಟ್ಟಿದ್ದ ಸ್ಪ್ರೇ ತಲೆಯನ್ನೂ ಬಳಸಬೇಡಿ. ಎಷ್ಟು ತೊಳೆದರೂ ಅದರ ಕೊಳವೆಯಲ್ಲಿ ಹಳೆಯ ಮಸ್ಕ್ ಕೂತಿರುತ್ತದೆ, ಹೊಸ ಹೂವಿನ ಜೊತೆಗೆ ಅದೂ ಬರುತ್ತದೆ.